ಬಿರುಕು ನೋಡೋಕೇ ಬರಲ್ಲ, ಇನ್ನು ಪಿಲ್ಲರ್ ರಿಂಗ್ ನೋಡೋಕೆ ಯಾರು ಬರ್ತಾರೆ?

ಸಂಪಾದಕರೇ,

ಮೊನ್ನೆ ರಾತ್ರಿ ನಮ್ಮ ಕಡೆ ನೆಲ ನಡುಗಿದ್ದರ ಬಗ್ಗೆ ನಿಮ್ಮ ಪೇಪರಲ್ಲಿ ಬಂದಿದ್ದು ಓದಿದೆ. "ಯಾವುದೇ ಹಾನಿ ಆಗಿಲ್ಲ, ಜನ ಆತಂಕ ಪಡಬೇಕಾಗಿಲ್ಲ" ಅಂತ ಅಧಿಕಾರಿಗಳು ಹೇಳಿದ್ದನ್ನ ಹಾಗೇ ಹಾಕಿದೀರಿ. ಹಾಗಂದವರು ನಮ್ಮ ಬೀದಿಗೆ ಕಾಲಿಟ್ಟಿದ್ರಾ? ನಮ್ಮ ಮಲಗೋ ಕೋಣೆ ಕಿಟಕಿ ಮೂಲೆಯಿಂದ ಓರೆಯಾಗಿ ಸೂರಿನ ತನಕ ಗೋಡೆ ಬಿರುಕು ಬಿಟ್ಟಿದೆ, ಐದು ರೂಪಾಯಿ ನಾಣ್ಯ ಆರಾಮಾಗಿ ಒಳಗೆ ಹೋಗ್ತದೆ. 78 ವರ್ಷದ ಅಮ್ಮನ್ನ ಕೈ ಹಿಡಿದು ಹೊರಗೆ ಕರ್ಕೊಂಡು ಬಂದು, ಜಿಟಿಜಿಟಿ ಮಳೇಲಿ ತಲೆ ಮೇಲೆ ಟಾರ್ಪಾಲ್ ಹಿಡ್ಕೊಂಡು ರಾತ್ರಿ ಎರಡರ ತನಕ ನಿಂತ್ವಿ, ಅವರ ಬಿಪಿ ಮಾತ್ರೆ ಒಳಗೇ ಉಳೀತು, ತರೋಕೆ ಹೋಗೋ ಧೈರ್ಯ ನನಗೂ ಬರಲಿಲ್ಲ. ಸಹಾಯವಾಣಿಗೆ ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

ಬೆಳಿಗ್ಗೆ ಅಂಗಡಿ ಬಾಗಿಲು ಹಾಕಿ ಕಚೇರಿಗೆ ಹೋದೆ. ಒಬ್ಬರು ಕ್ವಾರಿ ಬ್ಲಾಸ್ಟಿಂಗ್ ಇರಬೇಕು, ಗಣಿಯವರನ್ನ ಕೇಳಿ ಅಂದ್ರು, ಇನ್ನೊಬ್ಬರು ಭೂಕಂಪ ಆಗಿದ್ರೆ ನಮ್ಮ ಟೇಬಲ್ಲಿಗೆ ಬರಲ್ಲ ಅಂದ್ರು, ಮೂರನೆಯವರು ಫೋಟೋ ಪ್ರಿಂಟ್ ಹಾಕಿಸಿ ಅರ್ಜಿ ಜೊತೆ ಕೊಡಿ ಅಂದ್ರು, ಪ್ರಿಂಟ್ ತಗೊಂಡು ವಾಪಸ್ ಬರೋ ಹೊತ್ತಿಗೆ ಅವರೇ ಸೀಟಲ್ಲಿಲ್ಲ. ಜನವರಿ 21, 2021ರ ರಾತ್ರಿ ಇಲ್ಲೇ ಹತ್ತಿರದ ಹುಣಸೋಡಿನಲ್ಲಿ ಸ್ಫೋಟ ಆದಾಗ ಇಡೀ ಶಿವಮೊಗ್ಗ ಭೂಕಂಪ ಅಂದ್ಕೊಂಡೇ ಬೀದಿಗೆ ಓಡಿ ಬಂದಿತ್ತು, ಆಮೇಲೆ ಗೊತ್ತಾಯ್ತು ಕ್ವಾರಿ ಹತ್ರ ಸ್ಫೋಟಕ ಸಿಡಿದಿದ್ದು ಅಂತ. ಭೂಮಿ ನಡುಗಿದ್ರೂ ಸರಿ, ಜಿಲೆಟಿನ್ ಸಿಡಿದ್ರೂ ಸರಿ, ಗೋಡೆ ಒಡೆಯೋದು ನಮ್ಮದೇ ಅಲ್ವಾ? ಅದನ್ನ ಬಂದು ನೋಡೋಕೆ ಒಂದು ಇಲಾಖೆ ಇರಬೇಕೋ ಬೇಡವೋ?

ನನ್ನದು ಹಾರ್ಡ್‌ವೇರ್ ಅಂಗಡಿ, ಕಬ್ಬಿಣ ಸಿಮೆಂಟು ಮಾರಿ ಇಪ್ಪತ್ತೆರಡು ವರ್ಷ ಆಯ್ತು. ಭೂಕಂಪದಲ್ಲಿ ಜನ ಸಾಯೋದು ನೆಲ ನಡುಗಿ ಅಲ್ಲ, ತಲೆ ಮೇಲಿನ ಮನೆ ಬಿದ್ದು. ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರಂದು, ಗಣಪತಿ ಬಿಟ್ಟು ಬಂದು ಮಲಗಿದ್ದ ಜನರ ಮೇಲೆ ಕಲ್ಲು ಮಣ್ಣಿನ ದಪ್ಪ ಗೋಡೆ, ಭಾರದ ಮಣ್ಣಿನ ಮಾಳಿಗೆ ಕುಸಿದು ಸಾವಿರಾರು ಜನ ಹೋದ್ರು. ಅದಕ್ಕೆ ಹಿಂದಿನ ವರ್ಷವೇ ಅಲ್ಲಿ ಸಣ್ಣ ಸಣ್ಣ ನಡುಕ ಬಂದಿತ್ತು. 2001ರ ಜನವರಿ 26ಕ್ಕೆ ಗುಜರಾತಿನ ಭುಜ್ ನಡುಗಿದ್ರೆ ಇನ್ನೂರು ಕಿಲೋಮೀಟರಿಗೂ ಆಚೆಯ ಅಹಮದಾಬಾದಲ್ಲಿ ಅಪಾರ್ಟ್‌ಮೆಂಟ್ ಬಿದ್ದವು, ಕೆಳಗೆ ಗೋಡೆ ಇಲ್ಲದೆ ಬರೀ ಪಿಲ್ಲರ್ ನಿಲ್ಲಿಸಿ ಪಾರ್ಕಿಂಗ್ ಬಿಟ್ಟು, ಮೇಲೆ ಭಾರ ಹೊರಿಸಿದಂಥವೇ ಅದರಲ್ಲಿ ಬೇಕಾದಷ್ಟು. ಈಗ ನಮ್ಮ ಊರಲ್ಲಿ ಏಳ್ತಾ ಇರೋದೂ ಅಂಥವೇ.

ನಮ್ಮ ಎದುರು ಸೈಟಲ್ಲೇ ನೋಡಿ. ಪಿಲ್ಲರಿನ ಉದ್ದ ಸರಳುಗಳ ಸುತ್ತ ಕಟ್ಟೋ ಕಬ್ಬಿಣದ ರಿಂಗ್ ಇರ್ತದಲ್ಲ, ಅದರ ತುದಿ ಕೊಕ್ಕೆನ ಒಳಗಿನ ಕಾಂಕ್ರೀಟಿಗೆ ಕಚ್ಚೋ ಹಾಗೆ 135 ಡಿಗ್ರಿ ಬಗ್ಗಿಸಬೇಕು, ಇಲ್ಲದಿದ್ರೆ ಜೋರಾಗಿ ಅಲುಗಾಡಿದಾಗ ರಿಂಗ್ ಬಿಚ್ಚಿಕೊಳ್ತದೆ, ಸರಳು ಹೊರಗೆ ಬಾಗಿ ಪಿಲ್ಲರ್ ಹೊಟ್ಟೆ ಒಡೀತದೆ. ಅಲ್ಲಿ ಕಬ್ಬಿಣ ಕಟ್ಟೋ ಹುಡುಗ ಎಲ್ಲಾನೂ 90ಕ್ಕೇ ಬಗ್ಗಿಸಿ ಬೈಂಡಿಂಗ್ ವೈರ್ ಸುತ್ತಿ ಬಿಡ್ತಿದ್ದ. ಮೇಸ್ತ್ರಿಗೆ ಹೇಳಿದೆ, "ಯಾರು ನೋಡ್ತಾರೆ ಸಾರ್, ಸೆಂಟ್ರಿಂಗ್ ಮುಚ್ಚಿದ್ರೆ ಮುಗೀತು" ಅಂದ. ಅವನು ಹೇಳಿದ್ದೂ ಸತ್ಯವೇ, ಲೈಸೆನ್ಸ್ ಕೊಡೋರು ಟೇಪ್ ಹಿಡಿದು ಸೆಟ್‌ಬ್ಯಾಕ್ ಅಳೀತಾರೆ, ಟ್ಯಾಕ್ಸ್ ರಸೀದಿ ಕೇಳ್ತಾರೆ, ಕಾಂಕ್ರೀಟ್ ಹಾಕೋ ದಿನ ಒಬ್ಬರೂ ಬರಲ್ಲ. ಜಂಬಿಟ್ಟಿಗೆ ಮನೆಗಳಲ್ಲೂ ಬಾಗಿಲು ಕಿಟಕಿ ಮೇಲಷ್ಟೇ ತುಂಡು ಲಿಂಟಲ್, ಅಂದ್ರೆ ಕಾಂಕ್ರೀಟ್ ಪಟ್ಟಿ, ಹಾಕಿ ಮುಗಿಸ್ತಾರೆ, ಅದನ್ನೇ ಮನೆ ಸುತ್ತ ಒಂದೇ ಬೆಲ್ಟ್ ಥರ ಸುತ್ತಿಸಿದ್ರೆ ನಾಲ್ಕೂ ಗೋಡೆ ಒಟ್ಟಿಗೆ ಹಿಡ್ಕೊಳ್ತವೆ. ನನ್ನ ಮನೆಗೂ ಅಪ್ಪ ಹಾಕಿಸಿದ್ದು ತುಂಡು ಲಿಂಟಲ್ಲೇ, ಬಿರುಕು ಶುರುವಾಗಿದ್ದೂ ಅದರ ತುದಿಯಿಂದಲೇ.

ಇನ್ನು ಜೆಸಿಬಿ ಹಚ್ಚಿ ಧರೆಯನ್ನ, ಅಂದ್ರೆ ಗುಡ್ಡದ ಇಳಿಜಾರನ್ನ, ನೆಟ್ಟಗೆ ಕಡಿದು ಸೈಟ್ ಮಾಡೋದು. ಹೋದ ಮಳೆಗಾಲ ನಮ್ಮ ರಸ್ತೆಗೆ ಬಿದ್ದ ಧರೆ ಮಣ್ಣನ್ನೇ ಇನ್ನೂ ಪೂರ್ತಿ ತೆಗೆದಿಲ್ಲ, ಚರಂಡಿ ಕಟ್ಕೊಂಡು ನೀರು ಅಂಗಡಿ ಮೆಟ್ಟಿಲಿಗೆ ಬರ್ತದೆ, ಮೂರು ಸಲ ಬರ್ಕೊಟ್ಟಿದೀನಿ. ಮಳೆಗೇ ನಿಲ್ಲದ ಧರೆ ನೆಲ ನಡುಗಿದ್ರೆ ನಿಲ್ತದಾ? ಪೈಪಿಗೆ ಅಂತ ಅಗೆದ ರೋಡನ್ನ ಮುಚ್ಚೋಕೆ ಆಗದವರ ಹತ್ರ ಇದನ್ನೆಲ್ಲ ಹೇಳಿ ಹೇಳಿ ಬಾಯಿ ನೋವು ಬಂತು.

ಸಂಬಂಧಪಟ್ಟವರು ಮೊದಲು ನಮ್ಮ ಬೀದಿಗೆ ಬಂದು ಬಿರುಕು ಬಿಟ್ಟ ಮನೆಗಳನ್ನ ನೋಡಲಿ, ಇವತ್ತು ರಾತ್ರಿ ಒಳಗೆ ಮಲಗಬಹುದೋ ಬೇಡವೋ ಅಂತ ಬರವಣಿಗೇಲಿ ಕೊಡಲಿ. ಅದರ ಜೊತೆಗೆ ಏಳ್ತಾ ಇರೋ ಕಟ್ಟಡಗಳಿಗೂ ಕಾಂಕ್ರೀಟ್ ಹಾಕೋ ಮುಂಚೆ ಒಬ್ಬ ಇಂಜಿನಿಯರ್ ಕಳಿಸಲಿ. ಎರಡನ್ನೂ ಮಾಡಬೇಕು, ಯಾವ ಇಲಾಖೆಯವರು ಮಾಡ್ತಾರೋ ಅವರವರೇ ಮಾತಾಡ್ಕೊಳ್ಳಲಿ, ನಮಗೆ ಸಂಬಂಧ ಇಲ್ಲ. ಅಮ್ಮ ಇವತ್ತಿಗೂ ಜಗಲಿಯಲ್ಲೇ ಮಲಗ್ತಿದಾರೆ.

– ಒಬ್ಬ ಹಾರ್ಡ್‌ವೇರ್ ವ್ಯಾಪಾರಿ, ಶಿವಮೊಗ್ಗ