ಮೆಡಿಕಲ್ ಕಾಲೇಜಿನಲ್ಲೂ ಕೂಸಿನ ಮನೆ ಬೇಕು

ಮಾನ್ಯ ಸಂಪಾದಕರೇ,

ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಆಮೇಲೆ ನೀಟ್ ಪಿಜಿ ತಯಾರಿ, ಎಂಡಿ ಅಥವಾ ಎಂಎಸ್‌ಗೆ 3 ವರ್ಷ, ಸೂಪರ್ ಸ್ಪೆಷಾಲಿಟಿ ಬೇಕೆಂದರೆ ಇನ್ನೂ 3. ಅಷ್ಟರಲ್ಲಿ ವಯಸ್ಸು ಮೂವತ್ತು ದಾಟಿರುತ್ತದೆ. ಮಗು ಯಾವಾಗ ಅಂತ ಮನೆಯವರು ಕೇಳುತ್ತಾರೆ, ಓದಿನ ಮಧ್ಯೆ ಬಸುರಾದರೆ ಡಿಪಾರ್ಟ್‌ಮೆಂಟಿನಲ್ಲಿ ಮುಖ ಗಂಟಿಕ್ಕುತ್ತಾರೆ.

ನಾನೂ ಎಂಡಿ ಓದುವಾಗಲೇ ತಾಯಿಯಾದವಳು. ಹೆರಿಗೆ ರಜೆ ಸಿಕ್ಕಿತು, ಅಷ್ಟೇ ದಿನ ಕೋರ್ಸ್ ಮುಂದಕ್ಕೆ ಹೋಯಿತು. ಅದು ಸರಿ, ಕಲಿಕೆ ಪೂರ್ತಿಯಾಗಲೇಬೇಕು. ನನ್ನ ತಕರಾರು ಬೇರೆ. ವಾಪಸ್ ಬಂದ ಮೇಲೆ ರಾತ್ರಿ ಡ್ಯೂಟಿಯ ನಡುವೆ ಹಾಲು ತೆಗೆದಿಡಲು ಬಾಗಿಲು ಹಾಕಿಕೊಳ್ಳುವಂಥ ಒಂದು ಕೋಣೆಯೂ ಇರಲಿಲ್ಲ. 6 ತಿಂಗಳು ಬರೀ ಎದೆಹಾಲು ಕೊಡಿ ಅಂತ ಬಾಣಂತಿಯರಿಗೆ ದಿನಾ ಹೇಳುವವರು ನಾವು, ನಮ್ಮ ಮಕ್ಕಳಿಗೂ ಅದು ಬೇಕು ಅಲ್ವಾ?

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ, 50 ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗು ನೋಡಬಹುದು ಎಂದಿತು. ನರೇಗಾ ಕೆಲಸದ ತಾಯಂದಿರಿಗಾಗಿ ನಮ್ಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರ ಶುರುವಾಗಿದೆ, ಬಹಳ ಒಳ್ಳೆಯ ಕೆಲಸ. ಮೆಡಿಕಲ್ ಕಾಲೇಜುಗಳಲ್ಲೂ ಅಂಥದ್ದು ಬೇಕು, ರಾತ್ರಿಯೂ ತೆರೆದಿರಬೇಕು. ನರ್ಸ್‌ಗಳಿಗೆ, ಆಯಾಗಳಿಗೆ ಮೊದಲು ಸಿಗಲಿ, ಅವರ ಕಷ್ಟ ನಮಗಿಂತ ಜಾಸ್ತಿ.

ಇನ್ನೊಂದು ಮಾತು. "ಸರ್ಜರಿ ಯಾಕಮ್ಮಾ, ಸ್ಕಿನ್ ತಗೋ, ಮನೆ ಮಕ್ಕಳು ನೋಡ್ಕೋಬಹುದು" ಎಂದು ಹುಡುಗಿಯರಿಗೆ ಹೇಳುವುದನ್ನು ಹಿರಿಯ ವೈದ್ಯರು ದಯವಿಟ್ಟು ನಿಲ್ಲಿಸಲಿ. ಹುಡುಗರಿಗೆ ಯಾರೂ ಹಾಗೆ ಹೇಳುವುದಿಲ್ಲ.

– ಒಬ್ಬ ವೈದ್ಯೆ, ದಾವಣಗೆರೆ