ಗೆಳೆಯನಿಗೊಂದು ಪತ್ರ: ವಿಲಿಯಂ ಗೆದ್ದದ್ದು, ಸುಟ್ಟದ್ದು

ಪ್ರೀತಿಯ ಮಂಜು,

ನಿನ್ನ ಪತ್ರ ಓದಿದೆ. ಇಂಗ್ಲೆಂಡ್ ಗೆದ್ದ ವಿಲಿಯಂನಂಥ ರಾಜ ಇನ್ನೊಬ್ಬನಿಲ್ಲ ಎಂದು ಬರೆದಿದ್ದೀಯ. ಅವನ ಸಾಮರ್ಥ್ಯದ ಬಗ್ಗೆ ನನಗೂ ಅನುಮಾನವಿಲ್ಲ. ಆದರೆ 1069ರ ಚಳಿಗಾಲದ ಬಗ್ಗೆ ನೀನು ಒಂದು ಮಾತೂ ಬರೆದಿಲ್ಲ. ಅದನ್ನು ಬಿಟ್ಟು ಅವನ ಕಥೆ ಹೇಳೋಕೆ ಆಗಲ್ಲ ಕಣೋ.

ಅವನ ಬಾಲ್ಯ ನೆನೆದರೆ ಮರುಕ ಹುಟ್ಟುತ್ತದೆ. ಇಂದಿನ ಫ್ರಾನ್ಸಿನ ಉತ್ತರಕ್ಕಿರುವ ನಾರ್ಮಂಡಿಯ ಫಲೇಜ್ ಊರಲ್ಲಿ ಹುಟ್ಟಿದವನು. ಅಪ್ಪ ಆ ನಾಡನ್ನು ಆಳುತ್ತಿದ್ದ ಡ್ಯೂಕ್ ರಾಬರ್ಟ್. ತಾಯಿ ಹೆರ್ಲೇವಾ ಅವನು ಮದುವೆಯಾಗದ ಹೆಣ್ಣು. ಮದುವೆಯಿಲ್ಲದೆ ಹುಟ್ಟಿದವನು ಎಂಬ ಹಂಗಿಸುವಿಕೆ ಮಗನಿಗೆ ಕೊನೆಯವರೆಗೂ ಅಂಟಿಕೊಂಡಿತು. 1035ರಲ್ಲಿ ಅಪ್ಪ ಜೆರುಸಲೇಂ ಯಾತ್ರೆಯಿಂದ ಮರಳುವಾಗ ದಾರಿಯಲ್ಲೇ ತೀರಿಕೊಂಡ. ಏಳೆಂಟು ವರ್ಷದ ಹುಡುಗ ಡ್ಯೂಕ್ ಆದ. ಅವನನ್ನು ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಕೊಲೆಯಾದರು. ಮೇಲ್ವಿಚಾರಕ ಆಸ್ಬರ್ನ್‌ನನ್ನು ಕೊಂದದ್ದು ಹುಡುಗ ಮಲಗಿದ್ದ ಕೋಣೆಯಲ್ಲೇ. ರಾತ್ರಿ ಹೊತ್ತು ಸೋದರಮಾವ ಅವನನ್ನು ಬಡವರ ಗುಡಿಸಲುಗಳಲ್ಲಿ ಬಚ್ಚಿಡುತ್ತಿದ್ದನಂತೆ. ಹೀಗೆ ಬೆಳೆದವನು ಯಾರನ್ನೂ ಸುಲಭವಾಗಿ ನಂಬದಿದ್ದರೆ ಆಶ್ಚರ್ಯವೇನಿಲ್ಲ.

ಹೇಸ್ಟಿಂಗ್ಸ್ ಕದನ ನಿನಗೆ ಗೊತ್ತೇ ಇದೆ, ಜಾಸ್ತಿ ಬರೆಯುವುದಿಲ್ಲ. ಆಗಿನ ಇಂಗ್ಲೆಂಡ್ ರಾಜ ಹೆರಾಲ್ಡ್ 1066ರ ಸೆಪ್ಟೆಂಬರ್ 25ರಂದು ಉತ್ತರದಲ್ಲಿ ನಾರ್ವೆಯ ದಂಡನ್ನು ಸೋಲಿಸಿದ. ಮೂರೇ ದಿನಕ್ಕೆ ವಿಲಿಯಂ ದಕ್ಷಿಣದ ಪೆವೆನ್ಸಿಯಲ್ಲಿ ಬಂದಿಳಿದ. ಹೆರಾಲ್ಡ್ 300 ಕಿಲೋಮೀಟರ್‌ಗೂ ಜಾಸ್ತಿ ದೂರ ಓಡೋಡಿ ಬಂದು, ಅಕ್ಟೋಬರ್ 14ರಂದು ದಿನವಿಡೀ ಕಾದಾಡಿ ಸತ್ತ. ನಡುವೆ ವಿಲಿಯಂ ಸತ್ತನೆಂದು ಸುದ್ದಿ ಹಬ್ಬಿ ಅವನ ದಂಡಿನ ನಾರ್ಮನ್ನರು ಓಡತೊಡಗಿದರು. ಅವನು ಶಿರಸ್ತ್ರಾಣ ಎತ್ತಿ ಮುಖ ತೋರಿಸಿ ಅವರನ್ನು ತಡೆದ. ಅಂಥ ಧೈರ್ಯಕ್ಕೆ ನಾನೂ ತಲೆಬಾಗುತ್ತೇನೆ.

ಆದರೆ ಆ ಕ್ರಿಸ್ಮಸ್ ದಿನ ಲಂಡನ್ನಿನ ಬಳಿಯ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ನಡೆದ ಪಟ್ಟಾಭಿಷೇಕವನ್ನು ಯೋಚಿಸು. ಇವನನ್ನು ರಾಜನೆಂದು ಒಪ್ಪುತ್ತೀರಾ ಎಂದು ಜನರನ್ನು ಕೇಳಿದರು. ಜನ ಜೋರಾಗಿ ಕೂಗಿ ಒಪ್ಪಿದರು. ಹೊರಗಿದ್ದ ನಾರ್ಮನ್ ಕಾವಲುಗಾರರು ಒಳಗೆ ದಂಗೆಯೆದ್ದಿದೆ ಎಂದುಕೊಂಡು ಸುತ್ತಲಿನ ಮನೆಗಳಿಗೆ ಬೆಂಕಿಯಿಟ್ಟರು. ಒಳಗಿದ್ದವರು ಹೊರಗೋಡಿದರು. ಉಳಿದ ಕೆಲವು ಪಾದ್ರಿಗಳು ನಡುಗುತ್ತಿದ್ದ ರಾಜನಿಗೆ ವಿಧಿ ಮುಗಿಸಿದರು. ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ಎಂಥ ಭಯವಿತ್ತು ನೋಡು.

ಆ ಭಯ ಉತ್ತರದಲ್ಲಿ ಪೂರ್ತಿ ಬಯಲಾಯಿತು. 1069ರಲ್ಲಿ ಅಲ್ಲಿಯವರು ಬಂಡೆದ್ದರು, ಡೆನ್ಮಾರ್ಕಿನ ಹಡಗುಗಳೂ ಬಂದವು, ಉತ್ತರದ ದೊಡ್ಡ ಪಟ್ಟಣ ಯಾರ್ಕ್ ಅವರ ಕೈಸೇರಿತು. ವಿಲಿಯಂ ಡೇನರಿಗೆ ಹಣ ಕೊಟ್ಟು ಸಾಗಹಾಕಿದ. ಆಮೇಲೆ ಹಳ್ಳಿಗಳ ಮೇಲೆ ದಂಡು ಬಿಟ್ಟ. ಬೆಳೆ, ದನಕರು, ನೇಗಿಲು, ಕೂಡಿಟ್ಟ ಕಾಳು, ಎಲ್ಲವನ್ನೂ ಸುಡಿಸಿದ. ಬಂಡಾಯಗಾರರಿಗೆ ತಿನ್ನಲು ಸಿಗಬಾರದು ಎಂಬುದೇ ಲೆಕ್ಕ. ಆದರೆ ಹಸಿವು ಬಂಡಾಯಗಾರನನ್ನೇ ಹುಡುಕಿಕೊಂಡು ಹೋಗುತ್ತದೆಯೇ? ಮಕ್ಕಳು ಸತ್ತರು, ಮುದುಕರು ಸತ್ತರು.

ಇದನ್ನು ಶತ್ರುಗಳು ಕಟ್ಟಿದ ಕಥೆ ಎನ್ನಬೇಡ. ಆರ್ಡರಿಕ್ ವಿಟಾಲಿಸ್ ಎಂಬ ಸನ್ಯಾಸಿ ಬರೆದದ್ದು. ತಾಯಿ ಇಂಗ್ಲಿಷ್, ಅಪ್ಪ ಫ್ರಾನ್ಸಿನವನು, ಬದುಕಿದ್ದು ನಾರ್ಮಂಡಿಯ ಮಠದಲ್ಲಿ. ವಿಲಿಯಂನನ್ನು ಎಷ್ಟೋ ಸಲ ಹೊಗಳಿದ್ದೇನೆ, ಆದರೆ ಇದಕ್ಕೆ ಹೊಗಳಲಾರೆ ಎನ್ನುತ್ತಾನೆ. ಸತ್ತವರು 1,00,000ಕ್ಕೂ ಹೆಚ್ಚು ಎಂದು ಬರೆಯುತ್ತಾನೆ. ಆ ಸಂಖ್ಯೆಯನ್ನು ಇಂದಿನ ಇತಿಹಾಸಕಾರರೆಲ್ಲ ಒಪ್ಪುವುದಿಲ್ಲ. ನನಗೆ ಸಂಖ್ಯೆಗಿಂತ ಆ ಮನುಷ್ಯ ದೊಡ್ಡವನಾಗಿ ಕಾಣುತ್ತಾನೆ. ತನ್ನ ನಾಡಿನ ಡ್ಯೂಕನ ಬಗ್ಗೆ, ಅವನ ವಂಶದವರು ಇನ್ನೂ ಆಳುತ್ತಿದ್ದಾಗಲೇ, ಹಾಗೆ ಬರೆಯುವುದು ಸುಮ್ನೆ ಮಾತಲ್ಲ.

ಇನ್ನೊಂದು ಸಾಕ್ಷಿ ವಿಲಿಯಂನದೇ ದಫ್ತರದ್ದು. 1085ರ ಕ್ರಿಸ್ಮಸ್‌ನಲ್ಲಿ ಗ್ಲಾಸ್ಟರ್‌ನಲ್ಲಿದ್ದಾಗ ಇಡೀ ರಾಜ್ಯದ ಲೆಕ್ಕ ತೆಗೆಸಲು ಹೊರಟನಲ್ಲ, ಆ ಡೂಮ್ಸ್‌ಡೇ ಪುಸ್ತಕ. ಜಮೀನು ಮೊದಲು ಯಾರದು, ಈಗ ಯಾರದು, ನೇಗಿಲೆಷ್ಟು, ಗಿರಣಿಯೆಷ್ಟು, ಬೆಲೆಯೆಷ್ಟು, ಎಲ್ಲ ಬರೆಸಿದ. ಒಂದು ಎತ್ತು, ಒಂದು ಹಸು, ಒಂದು ಹಂದಿಯನ್ನೂ ಬಿಡಲಿಲ್ಲ ಎಂದು ಆ ಕಾಲದ ಇಂಗ್ಲಿಷ್ ವೃತ್ತಾಂತಕಾರ ನೊಂದು ಬರೆದಿದ್ದಾನೆ. 13,000ಕ್ಕೂ ಹೆಚ್ಚು ಊರುಗಳು ಅದರಲ್ಲಿವೆ. ಯಾರ್ಕ್‌ಶೈರ್ ಪುಟಗಳಿಗೆ ಬಂದರೆ ಊರ ಮೇಲೆ ಊರಿಗೆ ಒಂದೇ ಮಾತು: ಪಾಳು. ಬೆಂಕಿ ಬಿದ್ದು ಹದಿನಾರು ವರ್ಷ ಕಳೆದಿತ್ತು. ಕೆಲವು ಕಡೆ ವಿವರ ಸಿಗದಿದ್ದಕ್ಕೂ ಹಾಗೆ ಬರೆದಿರಬಹುದು ಎನ್ನುವವರಿದ್ದಾರೆ, ನಿಜ. ಆದರೆ ಎಷ್ಟೋ ಊರುಗಳ ಬೆಲೆ ಹೆರಾಲ್ಡ್‌ಗಿಂತ ಮೊದಲು ಆಳಿದ ಎಡ್ವರ್ಡ್ ರಾಜನ ಕಾಲಕ್ಕಿಂತ ಕುಸಿದದ್ದೂ ಅದೇ ಪುಟಗಳಲ್ಲಿದೆ.

1087ರ ಸೆಪ್ಟೆಂಬರ್ 9ರಂದು ರೂಆನ್‌ನಲ್ಲಿ ಅವನು ಸತ್ತಾಗ ಸೇವಕರು ಮೈಮೇಲಿನ ಬಟ್ಟೆಯನ್ನೂ ಬಿಡದೆ ದೋಚಿಕೊಂಡು ಓಡಿದರು ಎಂದು ಬರೆದವನೂ ಆರ್ಡರಿಕ್ಕೇ. ಕಾನ್‌ನಲ್ಲಿ ಹೂಳುವಾಗ ಆಸೆಲಿನ್ ಎಂಬವನು ಎದ್ದು ನಿಂತ. ಈ ಜಾಗ ನನ್ನಪ್ಪನದು, ಇವನು ಕಿತ್ತುಕೊಂಡದ್ದು, ಇಲ್ಲಿ ಹೂಳಬೇಡಿ ಎಂದ. ಅಲ್ಲೇ 60 ಶಿಲ್ಲಿಂಗ್ ಕೊಟ್ಟು ಅವನನ್ನು ಸಮಾಧಾನ ಮಾಡಬೇಕಾಯಿತು. ರಾಜನ ಹೆಣದೆದುರು ನಿಂತು ಹೀಗೆ ಕೇಳಲು ಎಂಥ ಗಟ್ಟಿ ಎದೆ ಬೇಕು, ಅಲ್ವಾ?

ಅವನು ಬಿಟ್ಟುಹೋದದ್ದು ಬಹಳ ಇದೆ, ಇಲ್ಲ ಎನ್ನುವುದಿಲ್ಲ. ಲಂಡನ್ನಿನ ವೈಟ್ ಟವರ್ ಇದೆ, ನಾಡಿನ ತುಂಬ ಕೋಟೆಗಳಿವೆ. ಜಮೀನೆಲ್ಲ ಸಮುದ್ರದಾಚೆಯಿಂದ ಬಂದ ಕೆಲವೇ ಮನೆತನಗಳ ಕೈಸೇರಿದ್ದೂ ಅವನ ಕೊಡುಗೆಯೇ. ನೀನು ಅವನ ಕೋಟೆಗಳ ಬಗ್ಗೆ ಚೆನ್ನಾಗಿ ಬರೆದಿದ್ದೀಯ. ಯಾರ್ಕ್‌ನಲ್ಲೂ ಅವನು ಎರಡು ಕೋಟೆ ಕಟ್ಟಿಸಿದ್ದ. ಅವುಗಳ ಜೊತೆಗೆ ಆ ಸುತ್ತಿನ ಹಳ್ಳಿಗಳ ಡೂಮ್ಸ್‌ಡೇ ಪುಟಗಳನ್ನೂ ಓದು. ಆಮೇಲೂ ಅವನಂಥ ರಾಜನಿಲ್ಲ ಅನ್ನಿಸಿದರೆ ಯಾಕೆ ಎಂದು ಬಿಡಿಸಿ ಬರಿ, ಪೂರ್ತಿ ಓದುತ್ತೇನೆ.

ನಿನ್ನ ಗೆಳೆಯ