ಕಣ್ಣಿನ ಮೇಲೆ ತಪ್ಪು ಹೊರಿಸಬೇಡ

ಕೂಸೇ,

ನಿನ್ನ ಕಾಗದದಲ್ಲಿ ಬೇರೆಯದೆಲ್ಲ ಒಂದು ಸಲ ಓದಿದೆ, ಆ ಒಂದು ಸಾಲನ್ನು ಮಾತ್ರ ನಾಲ್ಕು ಸಲ. "ಎಷ್ಟು ತಿರುಗಿಸಿದರೂ ನಕ್ಷತ್ರ ಮಸುಕೇ ಮಾವ, ನನ್ನ ಕಣ್ಣೇ ಸರಿ ಇಲ್ವೇನೋ, ಟೆಲಿಸ್ಕೋಪು ಯಾರಿಗಾದರೂ ಕೊಟ್ಟುಬಿಡ್ತೀನಿ." ರಾತ್ರಿ ನಿದ್ದೆ ಬರಲಿಲ್ಲ.

1986ರ ಮಾರ್ಚ್‌ನಲ್ಲಿ ಹ್ಯಾಲಿ ಧೂಮಕೇತು ನೋಡೋಣ ಅಂತ ಒಬ್ಬರ ಟೆಲಿಸ್ಕೋಪು ಕೇಳಿ ತಂದು ಬೆಳಗಿನ ಜಾವ ಕಾಫಿ ಕಣದಲ್ಲಿ ಇಟ್ಟಿದ್ದೆ. ನಿನ್ನ ಅಮ್ಮ ಶಾಲು ಹೊದ್ದು ಬಂದು ಬಗ್ಗಿ ನೋಡಿದಳು. "ಹಿಂಜಿದ ಹತ್ತಿ ಥರ ಕಾಣುತ್ತೆ ಅಣ್ಣ" ಅಂದಳು. "ನಿನ್ನ ಕಣ್ಣೇ ಸರಿ ಇಲ್ಲ" ಅಂದುಬಿಟ್ಟೆ. ಧೂಮಕೇತು ಇರುವುದೇ ಹಾಗೆ, ಅಂಚಿಲ್ಲದ ಮಸುಕು. ಅದನ್ನೇ ನೋಡುತ್ತಾ ಫೋಕಸ್ ಮಾಡಿದ್ದು ನಾನು, ಮೊದಲು ಒಂದು ನಕ್ಷತ್ರವನ್ನು ಚುಕ್ಕೆ ಮಾಡಿಕೊಳ್ಳಬೇಕು ಅಂತ ಗೊತ್ತಿರಲಿಲ್ಲ. ಅವಳು ಆಮೇಲೆ ಯಾವತ್ತೂ ಟೆಲಿಸ್ಕೋಪಿಗೆ ಕಣ್ಣಿಡಲಿಲ್ಲ. ಹ್ಯಾಲಿ ಮತ್ತೆ ಬರುವುದು 2061ಕ್ಕೆ. ಈಗ ಅದೇ ಮಾತು ನೀನು ನಿನಗೇ ಹೇಳಿಕೊಳ್ಳುತ್ತಿದ್ದೀಯ, ಅದನ್ನು ತಡೆಯಲಾಗುತ್ತಿಲ್ಲ.

ಒಂದು ಕೆಲಸ ಮಾಡು, ನನಗೆ ತಿಳಿದಷ್ಟು ಹೇಳುತ್ತೇನೆ. ದಪ್ಪ ರಟ್ಟಿನಲ್ಲಿ ಟೆಲಿಸ್ಕೋಪಿನ ಕೊಳವೆಯ ಮುಂದಿನ ಬಾಯಿಗೆ ಸರಿಯಾಗಿ ಕೂರುವ ಬಿಲ್ಲೆ ಕತ್ತರಿಸು. ಎದುರುಬದುರು ಎರಡು ತೂತು ಮಾಡು. ಫೋಕಸ್ ತಪ್ಪಿದ್ದರೆ ಒಂದು ನಕ್ಷತ್ರ ಎರಡಾಗಿ ಕಾಣುತ್ತೆ, ಎರಡೂ ಸೇರಿ ಒಂದಾದಾಗ ಸರಿಯಾಯಿತು ಅಂತ. ಇನ್ನೂ ಸೂಕ್ಷ್ಮ ಬೇಕಾದರೆ ಬಾಹ್ತಿನೋವ್ ಮುಖವಾಡ ಅಂತ ಇದೆ, ಅದೂ ಕೊಳವೆಯ ಬಾಯಿಗೆ ಹಾಕುವ ಬಿಲ್ಲೆಯೇ. ಪಾವೆಲ್ ಬಾಹ್ತಿನೋವ್ ಅನ್ನುವ ರಷ್ಯದ ಹವ್ಯಾಸಿಯೊಬ್ಬ 2005ರಲ್ಲಿ ಮಾಡಿದ್ದು. ಅರ್ಧ ಬಿಲ್ಲೆಯಲ್ಲಿ ನೇರ ಸೀಳುಗಳು, ಉಳಿದ ಅರ್ಧವನ್ನು ಎರಡು ಮಾಡಿ ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಸುಮಾರು 20 ಡಿಗ್ರಿ ವಾಲಿದ ಸೀಳುಗಳು. ನಿನ್ನದು 1200 ಮಿಲಿಮೀಟರ್ ಫೋಕಲ್ ಲೆಂತ್ (ಮಸೂರದಿಂದ ಬಿಂಬ ಮೂಡುವ ಜಾಗದವರೆಗಿನ ದೂರ) ಅಲ್ವಾ, ಸೀಳಿನ ಅಗಲ 4, ನಡುವಿನ ಪಟ್ಟಿ 4 ಮಿಲಿಮೀಟರ್ ಇಟ್ಟರೆ ಸಾಕು. ಲುಬ್ಧಕದಂಥ ಹೊಳೆಯುವ ನಕ್ಷತ್ರ ನೋಡು. ಗುರುಗ್ರಹ ಆಗಲ್ಲ, ಚುಕ್ಕೆಯೇ ಬೇಕು. ಕತ್ತರಿ ಹಾಕಿದ ಹಾಗೆ ಎರಡು ಗೆರೆ, ಮಧ್ಯೆ ಇನ್ನೊಂದು ಗೆರೆ ಕಾಣುತ್ತೆ. ಫೋಕಸ್ ಗುಂಡಿ ತಿರುಗಿಸಿದಂತೆ ಮಧ್ಯದ್ದು ಸರಿಯುತ್ತೆ. ಅದು ಸರಿಯಾಗಿ ನಡುವೆ ನಿಂತಾಗ ಕೈ ಬಿಡು, ಮುಖವಾಡ ತೆಗೆ. ಕತ್ತರಿಸುವಾಗ ಒಂದೆರಡು ಗೆರೆ ವಾರೆಯಾದರೂ ಪರವಾಗಿಲ್ಲ.

ಮಸುಕು ನೋಡಿ ಊಹಿಸುವ ಹಾಗಿಲ್ಲ ಅಲ್ಲಿ, ಗೆರೆ ನಡುವೆ ಇದೆಯಾ ಇಲ್ಲವಾ ಅಷ್ಟೇ. ನಿನ್ನ ಕಣ್ಣಿಗೂ ಅದು ಕಂಡೇ ಕಾಣುತ್ತೆ, ಕೂಸೇ.

ಆದರೂ ಭಯ ಹೋಗದಿದ್ದರೆ, ಮುಖವಾಡ ತೆಗೆದು, ನಕ್ಷತ್ರ ಉದ್ದವಾಗಿ ಕಂಡಾಗ ತಲೆ ವಾಲಿಸಿ ನೋಡು. ಉದ್ದವೂ ತಲೆಯ ಜೊತೆ ತಿರುಗಿದರೆ ಮಾತ್ರ ಕಣ್ಣಿನದು, ಆಗ ಕನ್ನಡಕ ಹಾಕಿಕೊಂಡೇ ನೋಡು. ತಿರುಗದಿದ್ದರೆ ಯಂತ್ರದ್ದು. ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿದಿದೆಯೋ ಏನೋ, ಟಾರ್ಚ್ ಬಿಟ್ಟು ನೋಡಿದೆಯಾ? ಮೊದಲೇ ಕೇಳಬೇಕಿತ್ತು.

ಯಾರಿಗೂ ಕೊಡಬೇಡ. ಜನವರಿಯಲ್ಲಿ ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ನಾನೇ ಮಡಿಕೇರಿಗೆ ಬರುತ್ತೇನೆ. ನೀನು ಫೋಕಸ್ ಮಾಡಿ, ಅಮ್ಮನನ್ನು ಕರೆ. ಅವಳು ಬರಲ್ಲ ಅಂದರೆ ನಾನು ಕರೆದೆ ಅಂತ ಹೇಳು.

ನಿನ್ನ ಮಾವ